ಕಾರ್ಡಿಲ್ಲದ ವಲಸೆ ಕಾರ್ಮಿಕರಿಗೂ ಉಚಿತ ಚಿಕಿತ್ಸೆ ಕೊಡಬೇಕೆ?

ಪರ

ಬೆಂಗಳೂರಿನಲ್ಲಿ ದೊಡ್ಡ ಅಪಾರ್ಟ್‌ಮೆಂಟ್ ಏಳುತ್ತಿರುವ ಜಾಗಕ್ಕೆ ಹೋಗಿ ನೋಡಿ. ತಗಡಿನ ಶೆಡ್ಡುಗಳಲ್ಲಿ ಯಾದಗಿರಿಯವರೂ ಇರುತ್ತಾರೆ, ಒಡಿಶಾ, ಬಿಹಾರ, ಬಂಗಾಳದವರೂ ಇರುತ್ತಾರೆ. ಯಾದಗಿರಿಯವರ ಬಿಪಿಎಲ್ ಕಾರ್ಡಿಗೆ ಇಲ್ಲಿ ವರ್ಷಕ್ಕೆ 5 ಲಕ್ಷ ರೂಪಾಯಿವರೆಗೆ ಚಿಕಿತ್ಸೆ ಸಿಗುತ್ತದೆ. ಪಕ್ಕದ ಶೆಡ್ಡಿನವರ ಗತಿ? ಯಾವ ರಾಜ್ಯದಲ್ಲಾದರೂ ನಡೆಯುವ ಆಯುಷ್ಮಾನ್ ಕಾರ್ಡು 2018ರಲ್ಲೇ ಬಂತು. ಒಡಿಶಾ ಆ ಯೋಜನೆಗೆ ಸೇರಿದ್ದು 2025ರಲ್ಲಿ. ಅದೂ ಆಸ್ಪತ್ರೆಗೆ ದಾಖಲಾದರೆ ಮಾತ್ರ. ಜ್ವರಕ್ಕೆ, ಕೆಮ್ಮಿಗೆ ಆ ಕಾರ್ಡು ಬರಲ್ಲ.

ಕೆಮ್ಮನ್ನು ಸುಮ್ನೆ ಬಿಡುವಂತಿಲ್ಲ. ಕ್ಷಯವಾದರೆ ಕಡಿಮೆ ಅಂದರೂ 6 ತಿಂಗಳು ಮಾತ್ರೆ ನುಂಗಬೇಕು. ಮಾತ್ರೆಯೇನೋ ಉಚಿತ. ಆದರೆ ಮೊದಲ ದಿನ ಆಸ್ಪತ್ರೆಯ ಮೆಟ್ಟಿಲು ಹತ್ತಬೇಕಲ್ವಾ? ಭಾಷೆ ಬರಲ್ಲ, ದಿನದ ಕೂಲಿ ಹೋಗುತ್ತದೆ. ಅದರ ಮೇಲೆ ಕೌಂಟರಿನಲ್ಲಿ ಇಲ್ಲಿನ ವಿಳಾಸದ ಕಾಗದ ಕೇಳಿದರೆ ಅವರು ಮತ್ತೆ ಆ ಕಡೆ ತಲೆ ಹಾಕುವುದಿಲ್ಲ. ಇತ್ತ ಒಂದೇ ಶೆಡ್ಡಿನಲ್ಲಿ ಎಂಟು ಜನ ಮಲಗಿರುತ್ತಾರೆ.

2018ರಲ್ಲಿ ದೆಹಲಿ ಸರ್ಕಾರ ಗುರು ತೇಗ್ ಬಹಾದೂರ್ ಆಸ್ಪತ್ರೆಯಲ್ಲಿ ದೆಹಲಿಯವರಿಗೇ ಆದ್ಯತೆ ಅಂದಿತ್ತು. ಅದೇ ವರ್ಷ ಹೈಕೋರ್ಟ್ ಅದನ್ನು ರದ್ದು ಮಾಡಿತು. ರೋಗಿಯ ಊರು ಕೇಳಿ ಚಿಕಿತ್ಸೆ ಕೊಡುವುದು ನನಗೂ ಒಪ್ಪಿಗೆಯಿಲ್ಲ.

ವಿರೋಧ

ಹೆರಿಗೆ, ಅಪಘಾತ, ಸಾಂಕ್ರಾಮಿಕ ರೋಗ ಅಂತ ಬಂದವರನ್ನು ಯಾರೂ ವಾಪಸ್ ಕಳಿಸಬಾರದು. ಅದರಲ್ಲಿ ತಕರಾರೇ ಇಲ್ಲ. ಹೃದಯದ ಆಪರೇಷನ್ನಿಗೂ ಯಾವ ಕಾರ್ಡೂ ಬೇಡ ಅಂದರೆ ಮಾತ್ರ ಕೇಳಲೇಬೇಕು: ದುಡ್ಡು ಯಾರು ಕೊಡಬೇಕು?

ಬೇರೆ ರಾಜ್ಯದಿಂದ ಕರೆತಂದ ಕೆಲಸಗಾರರಿಗೆ ಗುತ್ತಿಗೆದಾರ ಉಚಿತ ವೈದ್ಯಕೀಯ ಸೌಲಭ್ಯ ಕೊಡಬೇಕು ಅಂತ 1979ರ ಕಾನೂನೇ ಹೇಳಿತ್ತು. ಅವನು ಕೊಡದಿದ್ದರೆ ಮಾಲೀಕ ಕೊಡಬೇಕು ಅಂತಲೂ ಅದರಲ್ಲಿತ್ತು. ಅದರ ಜೊತೆಗೆ, ಕಟ್ಟಡದ ವೆಚ್ಚದ ಮೇಲೆ 1% ಸೆಸ್ ಕಾರ್ಮಿಕರ ಹೆಸರಿನಲ್ಲೇ ವಸೂಲಾಗುತ್ತದೆ. ಈಗ ಎಲ್ಲಾ ಖರ್ಚನ್ನೂ ಸರ್ಕಾರಿ ಆಸ್ಪತ್ರೆ ಹೊತ್ತರೆ ಮೊದಲು ಕೈ ತೊಳೆದುಕೊಳ್ಳುವವನು ಬಿಲ್ಡರ್. ಕೂಲಿಯವರ ಬೆವರಿನಿಂದ ಕೋಟಿ ಕೋಟಿ ಮಾಡುವವನನ್ನು ಇಷ್ಟು ಸುಲಭವಾಗಿ ಬಿಡಬೇಕೆ?

ದೆಹಲಿಯ ಆದೇಶ ತಪ್ಪೇ. ಆದರೂ ಉತ್ತರ ಪ್ರದೇಶದ ಗಡಿ ಪಕ್ಕದ ಆ ಆಸ್ಪತ್ರೆಯ ನೂಕುನುಗ್ಗಲು ನಿಜ. ಹಾಸಿಗೆ, ನರ್ಸುಗಳನ್ನು ಹೆಚ್ಚಿಸದೆ ಬಾಗಿಲು ಮಾತ್ರ ತೆರೆದರೆ ಕ್ಯೂನಲ್ಲಿ ಸೋಲುವುದು ಕೂಲಿಯವರೇ.

ಕೇರಳ 2017ರಲ್ಲಿ ಆವಾಸ್ ಯೋಜನೆ ತಂದು ವಲಸೆ ಕಾರ್ಮಿಕರ ಹೆಸರು ಬರೆಸಿಕೊಂಡು ವಿಮೆಯ ಕಾರ್ಡು ಕೊಟ್ಟಿತು. ನಮ್ಮಲ್ಲೂ ಶೆಡ್ಡು ಹಾಕುವ ದಿನವೇ ಮೇಸ್ತ್ರಿ ಎಲ್ಲರ ಹೆಸರು ಬರೆಸಲಿ. ಸೆಸ್ ದುಡ್ಡಿನಲ್ಲೇ ಸರ್ಕಾರ ಕಾರ್ಡು ಮಾಡಿಸಿ, ಕಾರ್ಮಿಕರ ಕೈಗೇ ಕೊಡಲಿ.