ಬುಂದಲದ ಲಗೂನುಗಳು ಮತ್ತು ಬಸಿನೀರು

ಬತ್ತಿದ ಕೆರೆಗೆ ನೀರು ಬಂದೊಡನೆ ಹಕ್ಕಿಗಳೂ ಬರುವುದನ್ನು ಕಂಡವರಿಗೆ, ನೀರು ಬಂದ ಕಾರಣದಿಂದಲೇ ಹಕ್ಕಿಗಳು ದೂರವಾದವು ಎಂದರೆ ನಂಬುವುದು ಕಷ್ಟ. ಶ್ರೀಲಂಕಾದ ಆಗ್ನೇಯ ಕರಾವಳಿಯ ಬುಂದಲದಲ್ಲಿ ಆಗಿರುವುದು ಅದೇ. ಅಲ್ಲಿನ ಲಗೂನುಗಳಿಗೆ, ಅಂದರೆ ಕಡಲಂಚಿನ ಉಪ್ಪುನೀರಿನ ಕೊಳಗಳಿಗೆ, ಬೇಟೆಗಾರರಿಗಿಂತ ಹೆಚ್ಚು ಹಾನಿ ಮಾಡಿದ್ದು ಸಿಹಿನೀರು ಎಂಬುದು ನನ್ನ ಅಭಿಪ್ರಾಯ.

ಹಂಬನ್‌ತೋಟ ಜಿಲ್ಲೆಯ ಈ ಪ್ರದೇಶಕ್ಕೆ ಗೌರವಗಳ ಕೊರತೆಯೇನೂ ಇಲ್ಲ. 1969ರಲ್ಲಿ ಅಭಯಾರಣ್ಯವಾದ ಇದು 1990ರಲ್ಲಿ ಶ್ರೀಲಂಕಾದ ಮೊದಲ ರಾಮ್ಸಾರ್ ತಾಣ (ಅಂತಾರಾಷ್ಟ್ರೀಯ ಮಹತ್ವದ ಜೌಗು ಪ್ರದೇಶ) ಆಯಿತು, 1993ರಲ್ಲಿ ರಾಷ್ಟ್ರೀಯ ಉದ್ಯಾನವಾಯಿತು, 2005ರಲ್ಲಿ ಯುನೆಸ್ಕೋದ ಜೀವಗೋಳ ಮೀಸಲು ಪಟ್ಟಿಗೂ ಸೇರಿತು. ಸುಮಾರು 6,200 ಹೆಕ್ಟೇರ್ ವಿಸ್ತಾರದ ಈ ಉದ್ಯಾನದಲ್ಲಿ ಬುಂದಲ, ಎಂಬಿಲಿಕಲ, ಮಲಲ, ಕೊಹೊಲಂಕಲ ಎಂಬ ಆಳವಿಲ್ಲದ ಲಗೂನುಗಳಿದ್ದು, ಮರಳಿನ ದಿಬ್ಬಗಳು ಅವನ್ನು ಕಡಲಿನಿಂದ ಬೇರ್ಪಡಿಸುತ್ತವೆ. ದ್ವೀಪದ ಒಣ ವಲಯವಾದ್ದರಿಂದ ಬಿಸಿಲು ನೀರನ್ನು ಹೀರುತ್ತದೆ, ಉಪ್ಪು ಉಳಿಯುತ್ತದೆ.

ಈ ಉಪ್ಪೇ ಹಕ್ಕಿಗಳ ಅನ್ನಕ್ಕೆ ಮೂಲ. ಕಡಲಿಗಿಂತಲೂ ಹೆಚ್ಚು ಉಪ್ಪಾದ ನೀರಿನಲ್ಲಿ ಹೆಚ್ಚಿನ ಮೀನುಗಳು ಬದುಕಲಾರವು. ಮೀನಿಲ್ಲದ ಕಡೆ ಉಪ್ಪುನೀರಿನ ಪುಟ್ಟ ಸಿಗಡಿಗಳು, ನೊಣಗಳ ಮರಿಹುಳುಗಳು ಮತ್ತು ಸೂಕ್ಷ್ಮ ಪಾಚಿಗಳು ಪೈಪೋಟಿಯಿಲ್ಲದೆ ಹುಲುಸಾಗಿ ಬೆಳೆಯುತ್ತವೆ. ರಾಜಹಂಸವು ಕೊಕ್ಕನ್ನು ತಲೆಕೆಳಗಾಗಿ ನೀರಿಗಿಳಿಸಿ, ನಾಲಿಗೆಯನ್ನು ಪಂಪಿನಂತೆ ಆಡಿಸುತ್ತ, ಕೊಕ್ಕಿನ ಅಂಚಿನ ನವಿರಾದ ಪದರಗಳಲ್ಲಿ ಸೋಸಿ ತಿನ್ನುವುದು ಇವುಗಳನ್ನೇ, ಮತ್ತು ಅದರ ಮೈಯ ಗುಲಾಬಿ ಬಣ್ಣಕ್ಕೂ ಈ ಆಹಾರದಲ್ಲಿರುವ ಕೆರೋಟಿನಾಯ್ಡ್ ಎಂಬ ವರ್ಣದ್ರವ್ಯಗಳೇ ಕಾರಣ. ಮಧ್ಯ ಏಷ್ಯಾದ ವಲಸೆ ಮಾರ್ಗದಲ್ಲಿ ಬರುವ, ನೀರಂಚಿನಲ್ಲಿ ನಡೆದು ಮೇಯುವ ಗೊರವ ಹಕ್ಕಿಗಳಿಗೂ ಇದು ಅಷ್ಟೇ ಮುಖ್ಯ, ಏಕೆಂದರೆ ಇಲ್ಲಿಂದ ನೇರ ದಕ್ಷಿಣಕ್ಕೆ ಅಂಟಾರ್ಕ್ಟಿಕಾದವರೆಗೆ ನೆಲವೇ ಇಲ್ಲ. ಅವುಗಳಲ್ಲಿ ಪ್ರತಿಯೊಂದೂ ತನ್ನ ಕಾಲಿನ ಎತ್ತರಕ್ಕೆ, ಕೊಕ್ಕಿನ ಉದ್ದಕ್ಕೆ ಒಪ್ಪುವ ನೀರನ್ನಷ್ಟೇ ಬಳಸಬಲ್ಲದು. ಉದ್ದ ಕಾಲಿನ ಮೆಟ್ಟುಗಾಲು ಹಕ್ಕಿ ಆರಾಮವಾಗಿ ನಿಲ್ಲುವಷ್ಟು ನೀರಿನಲ್ಲಿ ಸಣ್ಣ ಗೊರವ ಕಾಲೂರಲಾರದು.

1980ರ ದಶಕದಲ್ಲಿ ಕಿರಿಂದಿ ಓಯ ನದಿಗೆ ಲುನುಗಮ್ವೆಹೆರ ಜಲಾಶಯವನ್ನು ಕಟ್ಟಿ ಹೊಸ ಭತ್ತದ ಗದ್ದೆಗಳಿಗೆ ನೀರು ಹರಿಸಲಾಯಿತು. ಗದ್ದೆಗಳ ಬಸಿನೀರು ಗೊಬ್ಬರದ ಸಾರವನ್ನೂ ಹೊತ್ತು ಎಂಬಿಲಿಕಲ ಮತ್ತು ಮಲಲ ಲಗೂನುಗಳಿಗೆ ಇಳಿಯಿತು. ಉಪ್ಪು ಕಡಿಮೆಯಾಯಿತು, ನೀರಿನ ಮಟ್ಟ ಏರಿತು, ಜೊಂಡು ಹಬ್ಬಿತು. ಈ ಬಸಿನೀರು ಅಷ್ಟಾಗಿ ತಲುಪದ ಬುಂದಲ ಲಗೂನು ಮಾತ್ರ ಹೆಚ್ಚು ಉಪ್ಪಾಗಿ ಉಳಿಯಿತು. ನೀರುಕೋಳಿಗಳಿಗೆ, ಮೀನು ತಿನ್ನುವ ನೀರುಕಾಗೆಗಳಿಗೆ ಈ ಬದಲಾವಣೆಯಿಂದ ಅನುಕೂಲವೇ ಆಗಿರಬಹುದು. ಆದರೆ ಅವುಗಳಿಗೆ ಒಳನಾಡಿನ ಕೆರೆಗಳೂ ಇವೆ, ರಾಜಹಂಸಕ್ಕೆ ಆ ಆಯ್ಕೆ ಇಲ್ಲ. ಒಟ್ಟು ಪ್ರಭೇದಗಳ ಸಂಖ್ಯೆಯನ್ನು ತೋರಿಸಿ ಎಲ್ಲವೂ ಚೆನ್ನಾಗಿದೆ ಎನ್ನುವವರ ಲೆಕ್ಕವನ್ನು ನಾನು ಒಪ್ಪದಿರುವುದು ಇದಕ್ಕಾಗಿಯೇ.

ನಷ್ಟ ಹಕ್ಕಿಗಳದ್ದಷ್ಟೇ ಅಲ್ಲ. ಮಲಲ ಮತ್ತು ಎಂಬಿಲಿಕಲದ ಸಿಗಡಿ ಮೀನುಗಾರಿಕೆಯೂ ಇದರಿಂದಲೇ ಕುಸಿಯಿತು. ಇತ್ತ ಲಗೂನು ತುಂಬಿ ಗದ್ದೆಗಳು ಮುಳುಗುವ ಹೊತ್ತಿಗೆ ರೈತರು ಮರಳಿನ ದಂಡೆಯನ್ನು ಒಡೆದು ನೀರನ್ನು ಕಡಲಿಗೆ ಬಿಡುತ್ತಾರೆ, ಆಗ ಏರಿದ್ದ ನೀರು ಒಮ್ಮೆಲೇ ಇಳಿದುಬಿಡುತ್ತದೆ. ಅವರನ್ನು ಖಳನಾಯಕರನ್ನಾಗಿ ಮಾಡುವುದು ಸುಲಭ, ಆದರೆ ನ್ಯಾಯವಲ್ಲ. ಆ ಭೂಮಿಯಲ್ಲಿ ಬೇಸಾಯ ಮಾಡಿಸಿದ್ದು, ಬಸಿಗಾಲುವೆಯ ಬಾಯಿಯನ್ನು ಲಗೂನಿನ ಕಡೆ ತಿರುಗಿಸಿದ್ದು ಸರ್ಕಾರದ ಯೋಜನೆಯೇ.

ಬಳ್ಳಾರಿ ಜಾಲಿ ಮತ್ತು ಪಾಪಾಸುಕಳ್ಳಿಯ ಹಾವಳಿಯೂ ಬುಂದಲದಲ್ಲಿದೆ. ಅವನ್ನು ಕಡಿಯುವ ಕೆಲಸ ನಡೆಯಲೇಬೇಕು, ಅದು ಫೋಟೋಗೂ ಚೆನ್ನಾಗಿ ಕಾಣುತ್ತದೆ. ನೀರಿನ ಉಪ್ಪು ಫೋಟೋದಲ್ಲಿ ಕಾಣುವುದಿಲ್ಲ. ಪಕ್ಕದ ಉಪ್ಪಿನ ಆಗರಗಳನ್ನು ಬರೀ ಉದ್ಯಮವೆಂದು ದೂರುವವರೂ, ಆಳವಿಲ್ಲದ ಉಪ್ಪುನೀರನ್ನು ಕಾಪಾಡಿಕೊಂಡು ಬಂದ ಜಾಗಗಳಲ್ಲಿ ಅವೂ ಸೇರಿವೆ ಎಂಬುದನ್ನು ಗಮನಿಸಬೇಕು. ಬಸಿನೀರನ್ನು ಮತ್ತೆ ಗದ್ದೆಗಳಿಗೇ ತಿರುಗಿಸುವುದು ಅಥವಾ ಲಗೂನುಗಳನ್ನು ಮುಟ್ಟದೆ ಸುತ್ತಿ ಹೋಗುವ ಬೇರೆ ಕಾಲುವೆಯಲ್ಲಿ ಕಡಲಿಗೆ ಸೇರಿಸುವುದು ಖರ್ಚಿನ ಕೆಲಸವೇ ಸರಿ. ಆ ಖರ್ಚನ್ನು ವನ್ಯಜೀವಿ ಇಲಾಖೆಯ ತಲೆಗೆ ಕಟ್ಟದೆ ನೀರಾವರಿ ಯೋಜನೆಯ ಲೆಕ್ಕಕ್ಕೇ ಸೇರಿಸಬೇಕು.