‘ದಿ ಥಿಂಗ್’ ಯಾರ ಕೂಸು?

ಜಾನ್ ಕಾರ್ಪೆಂಟರ್‌ನ 1982ರ ‘ದಿ ಥಿಂಗ್’ ಚಿತ್ರಕ್ಕೆ ಆಧಾರ ಜಾನ್ ಡಬ್ಲ್ಯು. ಕ್ಯಾಂಪ್‌ಬೆಲ್‌ನ ಕಥೆ. ಅಂಟಾರ್ಕ್ಟಿಕಾದ ಶಿಬಿರಕ್ಕೆ ನುಗ್ಗಿ ಅಲ್ಲಿನವರ ರೂಪವನ್ನೇ ತಾಳುವ ಅನ್ಯಗ್ರಹ ಜೀವಿಯ ಕಥೆ ಅದು, ಎಲ್ಲರಿಗೂ ಗೊತ್ತು. ಆದರೂ ಈ ಚಿತ್ರವನ್ನು ಭಯಾನಕ ಕಥೆಗಳ ಲೇಖಕ ಎಚ್.ಪಿ. ಲವ್‌ಕ್ರಾಫ್ಟ್‌ನ ವಂಶಕ್ಕೆ ಸೇರಿಸಬಹುದಾ?

ಪರ

ಸೇರಿಸಲೇಬೇಕು. ಕ್ಯಾಂಪ್‌ಬೆಲ್‌ನ ‘ಹೂ ಗೋಸ್ ದೇರ್?’ 1938ರಲ್ಲಿ ‘ಅಸ್ಟೌಂಡಿಂಗ್’ ಎಂಬ ವಿಜ್ಞಾನಕಥಾ ಪತ್ರಿಕೆಯಲ್ಲಿ ಬಂತು. ಎರಡು ವರ್ಷ ಮೊದಲು ಅದೇ ಪತ್ರಿಕೆ ಲವ್‌ಕ್ರಾಫ್ಟ್‌ನ ‘ಅಟ್ ದಿ ಮೌಂಟನ್ಸ್ ಆಫ್ ಮ್ಯಾಡ್‌ನೆಸ್’ ಅಚ್ಚು ಹಾಕಿತ್ತು. ಅಲ್ಲೂ ಅಂಟಾರ್ಕ್ಟಿಕಾ. ಅಲ್ಲೂ ನೆಲದಡಿ ಸಿಕ್ಕ ಪುರಾತನ ಜೀವಿ, ಅದನ್ನು ಕಂಡರೆ ಹುಚ್ಚೆದ್ದು ಬೊಗಳುವ ನಾಯಿಗಳು. ಕ್ಯಾಂಪ್‌ಬೆಲ್ ಅದನ್ನು ಓದಿರಲಿಲ್ಲ ಅಂದ್ರೆ ನಾನಂತೂ ನಂಬಲ್ಲ.

ಸಿನಿಮಾ ಇನ್ನೂ ಹತ್ತಿರ ಹೋಗುತ್ತದೆ. ‘ಥಿಂಗ್’ ಮೊದಲೇ ಹಾಳುಗೆಡವಿದ್ದ ನಾರ್ವೆಯವರ ಶಿಬಿರ ನೆನಪಿದೆಯಲ್ಲ? ಬಾಗಿಲಿಗೆ ನಾಟಿದ ಕೊಡಲಿ. ಕುರ್ಚಿಯಲ್ಲಿ ಕೂತಲ್ಲೇ ಸತ್ತವನ ಕೈಯಿಂದ ಇಳಿದ ರಕ್ತ ಹಾಗೇ ಹೆಪ್ಪುಗಟ್ಟಿ ನೇತಾಡುತ್ತಿದೆ. ಕ್ಯಾಂಪ್‌ಬೆಲ್‌ನ ಕಥೆಯಲ್ಲಿ ಇಂಥ ಎರಡನೇ ಶಿಬಿರವೇ ಇಲ್ಲ. ಲವ್‌ಕ್ರಾಫ್ಟ್‌ನಲ್ಲಿದೆ: ರೇಡಿಯೋ ಸುಮ್ಮನಾದ ಶಿಬಿರಕ್ಕೆ ವಿಮಾನದಲ್ಲಿ ಹೋಗಿ ಇಳಿದರೆ ಬರೀ ಹೆಣಗಳು. ನಡೆದದ್ದೇನು ಅಂತ ಹೇಳಲು ಯಾರೂ ಉಳಿದಿಲ್ಲ.

ವಿರೋಧ

ಹಿಮ, ನಾಯಿ, ಹೆಣ ಇದ್ದ ಮಾತ್ರಕ್ಕೆ ವಂಶ ಒಂದೇ ಆಗಲ್ಲ. ಲವ್‌ಕ್ರಾಫ್ಟ್‌ನ ಲೋಕದಲ್ಲಿ ನಾವು ಇರುವೆಗಳು. ತುಳಿದವರಿಗೆ ತುಳಿದದ್ದೂ ಗೊತ್ತಾಗಲ್ಲ. ಈ ‘ಥಿಂಗ್’ ಹಾಗಲ್ಲ, ಅದಕ್ಕೆ ನಾವೇ ಬೇಕು. ನಮ್ಮ ಚರ್ಮ, ನಮ್ಮ ದನಿ, ನಮ್ಮ ಹೆಸರು.

ಯಾರು ಮನುಷ್ಯ, ಯಾರು ‘ಥಿಂಗ್’ ಅಂತ ಪತ್ತೆಹಚ್ಚುವ ರಕ್ತಪರೀಕ್ಷೆಯ ದೃಶ್ಯ ನೋಡಿ. ‘ಥಿಂಗ್’ನ ರಕ್ತದ ಹನಿಯೂ ಒಂದು ಜೀವಿಯೇ, ಬಿಸಿ ತಾಗಿದರೆ ತಪ್ಪಿಸಿಕೊಳ್ಳಲು ನೋಡುತ್ತದೆ. ಎಲ್ಲರನ್ನೂ ಕಟ್ಟಿಹಾಕಿದ್ದಾರೆ. ಒಬ್ಬೊಬ್ಬರ ಹೆಬ್ಬೆರಳು ಕುಯ್ದು ಗಾಜಿನ ತಟ್ಟೆಗೆ ರಕ್ತ ಹಿಡಿದಾಗಿದೆ. ಶಿಬಿರದ ಪೈಲಟ್ ಮ್ಯಾಕ್ರೆಡಿ ಕಾದ ತಂತಿ ಅದ್ದುತ್ತಾನೆ, ಚುಂಯ್ ಅನ್ನುತ್ತದೆ. ಅವನೇ ಗುಂಡಿಟ್ಟು ಕೊಂದ ಕ್ಲಾರ್ಕ್‌ನ ರಕ್ತವೂ ಚುಂಯ್ ಅಂದಷ್ಟೇ ಸುಮ್ಮನಾಗುತ್ತದೆ. ಅಂದರೆ ಸತ್ತವನು ಮನುಷ್ಯನೇ! ಆಮೇಲೆ ಪಾಮರ್‌ನ ರಕ್ತ ಚೀರಿ ತಟ್ಟೆಯಿಂದ ಹಾರುತ್ತದೆ. ಈ ತಂತಿಯ ಉಪಾಯ ಪೂರ್ತಿ ಕ್ಯಾಂಪ್‌ಬೆಲ್‌ನದು. ಅವನ ಜನ ಹುಚ್ಚರಾಗಲ್ಲ, ತಲೆ ಓಡಿಸ್ತಾರೆ.

ಕೊನೆ ಮಾತ್ರ ಅವನದಲ್ಲ, ಒಪ್ಪುತ್ತೇನೆ. ಕಥೆಯಲ್ಲಿ ಮನುಷ್ಯರೇ ಗೆಲ್ಲುತ್ತಾರೆ. ಚಿತ್ರದಲ್ಲಿ ಉರಿಯುವ ಶಿಬಿರದ ಮುಂದೆ ಮ್ಯಾಕ್ರೆಡಿ, ಚೈಲ್ಡ್ಸ್ ಇಬ್ಬರೇ ಉಳಿಯುತ್ತಾರೆ, ಒಬ್ಬರ ಮೇಲೊಬ್ಬರಿಗೆ ನಂಬಿಕೆಯಿಲ್ಲ. ಆದರೆ ಅಲ್ಲೂ ಭಯ ನಕ್ಷತ್ರಗಳಾಚೆಯಿಂದ ಬರುತ್ತಿಲ್ಲ, ಎದುರಿಗೇ ಕೂತಿದೆ. ಮ್ಯಾಕ್ರೆಡಿ ಬಾಟಲಿ ಚಾಚುತ್ತಾನೆ. ಚೈಲ್ಡ್ಸ್ ಗುಟುಕರಿಸುವುದನ್ನೇ ನೋಡುತ್ತಾ ಸಣ್ಣಗೆ ನಗುತ್ತಾನೆ.