18 ಮೆಟ್ಟಿಲು

ಕುಮಟಾ ಹತ್ತಿರ ನನ್ನ ತಂಗಿಯ ಮನೆ. ಅವಳ ಮಾಣಿಗೆ ಹುಟ್ಟಿನಿಂದ ಸೆರೆಬ್ರಲ್ ಪಾಲ್ಸಿ, ಮೆದುಳಿನ ತೊಂದರೆಯಿಂದ ಕೈಕಾಲು ಹಿಡಿತಕ್ಕೆ ಸಿಗದ ಸ್ಥಿತಿ. ಕಾಲಿಗೆ ಆಧಾರದ ಕ್ಯಾಲಿಪರ್ ಕಟ್ಟಿಕೊಂಡು ಗೋಡೆ ಹಿಡಿದು ನಡೆಯುತ್ತಾನೆ. ಮಾತಿನಲ್ಲಿ ಮಾತ್ರ ಯಾರಿಗೂ ಸೋಲುವವನಲ್ಲ.

ಕಳೆದ ವರ್ಷ ಎಂಟನೇ ಕ್ಲಾಸು. ಅದು ಮಹಡಿ ಮೇಲೆ, 18 ಮೆಟ್ಟಿಲು. ನಮ್ಮ ಕಡೆಯ ಜೂನ್ ಗೊತ್ತಲ್ಲ, ಮಳೆಯ ಎರಚಲು ಜಗಲಿ ದಾಟಿ ಒಳಗೇ ಬರುತ್ತದೆ. ಆ ಒದ್ದೆ ಮೆಟ್ಟಿಲ ಮೇಲೆ ಅವನ ಅಪ್ಪ ದಿನಾ ಹೊತ್ತುಕೊಂಡು ಹತ್ತುತ್ತಿದ್ದರು. ಮಧ್ಯಾಹ್ನ ಊಟಕ್ಕೆ ಎಲ್ಲರೂ ಕೆಳಗೆ, ಇವನೊಬ್ಬನೇ ಮೇಲೆ. ನೀರು ಕುಡಿಯುವುದನ್ನೇ ಬಿಟ್ಟಿದ್ದ. ಯಾಕೋ ಅಂದರೆ, "ಕುಡಿದ್ರೆ ಇಳೀಬೇಕಲ್ಲ ದೊಡ್ಡಮ್ಮ" ಅಂದ.

ಕ್ಲಾಸನ್ನು ಕೆಳಗೆ ತನ್ನಿ ಅಂತ ತಂಗಿ ಹೆಡ್ ಮಾಸ್ತರರನ್ನು ಮೂರು ಸಲ ಕೇಳಿದಳು. ಕೆಟ್ಟ ಮನುಷ್ಯರೇನಲ್ಲ. "ನೋಡುವ" ಅಂದರು, ಮೂರು ಸಲವೂ. ಒಬ್ಬ ಅಕ್ಕೋರು ಮಾತ್ರ, "ಇಂಥ ಮಕ್ಕಳಿಗೆ ಬೇರೆ ಶಾಲೆ ಇರ್ತದಲ್ಲ" ಅಂದರಂತೆ.

ಇರುತ್ತದೆ. ಆದರೆ ಯಾವುದು ಬೇಕು ಅಂತ ಹೇಳುವವರು ಅಕ್ಕೋರಲ್ಲ. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯ 31ನೇ ಕಲಂ ಪ್ರಕಾರ, ಶೇ. 40ಕ್ಕಿಂತ ಕಡಿಮೆಯಿಲ್ಲದ ವೈಕಲ್ಯವಿರುವ ಮಗುವಿಗೆ 6ರಿಂದ 18 ವರ್ಷದವರೆಗೆ ಉಚಿತ ಶಿಕ್ಷಣದ ಹಕ್ಕಿದೆ. ಹತ್ತಿರದ ಶಾಲೆಯೋ ವಿಶೇಷ ಶಾಲೆಯೋ, ಆಯ್ಕೆ ಮಗುವಿನದ್ದು. 16ನೇ ಕಲಂ ಇನ್ನೂ ನೇರ: ಭೇದ ಮಾಡದೆ ಸೇರಿಸಿಕೊಳ್ಳಬೇಕು, ಕಟ್ಟಡ ಅವರು ಬಳಸುವಂತಿರಬೇಕು, ಒಬ್ಬೊಬ್ಬರಿಗೆ ಬೇಕಾದ ಅನುಕೂಲ ಮಾಡಿಕೊಡಬೇಕು. ಸರ್ಕಾರಿ ಶಾಲೆಗೆ ಮಾತ್ರ ಅಲ್ಲ, ಮಾನ್ಯತೆ ಪಡೆದ ಖಾಸಗಿ ಶಾಲೆಗೂ.

ಇಷ್ಟೆಲ್ಲ ಇದ್ದೂ ನಾವು ಉಪಕಾರ ಕೇಳುವವರ ಹಾಗೆ ಬಾಗಿಲಲ್ಲಿ ನಿಲ್ಲುತ್ತೇವೆ. ಬಾಯಲ್ಲಿ ಕೇಳಿದ್ದಕ್ಕೆ ಬಾಯಲ್ಲೇ "ನೋಡುವ" ಸಿಗುತ್ತದೆ. ಅದಕ್ಕೇ ಹೇಳುವುದು, ಬರೆದು ಕೊಡಿ.

ನಾವು ಕೊಟ್ಟದ್ದು ಒಂದೇ ಪುಟ. ಯುಡಿಐಡಿ ಕಾರ್ಡಿನ (ಅಂಗವಿಕಲರಿಗೆ ಸರ್ಕಾರ ಕೊಡುವ ಗುರುತಿನ ಚೀಟಿ) ಜೆರಾಕ್ಸ್, 16ನೇ ಕಲಮಿನ ಉಲ್ಲೇಖ, ಕೊನೆಗೆ ಒಂದು ಸಾಲು: "ಕ್ಲಾಸನ್ನು ಕೆಳಗೆ ತರಲು ಆಗದಿದ್ದರೆ ಕಾರಣವನ್ನು ಲಿಖಿತವಾಗಿ ತಿಳಿಸಿ." ನಮ್ಮ ಪ್ರತಿಗೆ ಸೀಲು ಹಾಕಿಸಿಕೊಂಡೆವು. ಇನ್ನೊಂದು ಪ್ರತಿ ಬಿಇಒ, ಅಂದರೆ ಕ್ಷೇತ್ರ ಶಿಕ್ಷಣಾಧಿಕಾರಿ, ಕಚೇರಿಗೆ. ಹಾಗೆ ಬರೆಯುವಾಗ ತಂಗಿಯ ಕೈ ನಡುಗುತ್ತಿತ್ತು, "ಮಾಣಿ ಮೇಲೆ ಸಿಟ್ಟು ತೀರಿಸಿದ್ರೆ ಅಕ್ಕಾ?" ಅಂತ. ಈ ಹೆದರಿಕೆ ಸುಳ್ಳು ಅಂತ ನಾನು ಹೇಳುವುದಿಲ್ಲ. ಒಂದು ವಾರ ಸ್ಟಾಫ್ ರೂಮಿನಲ್ಲಿ ಯಾರೂ ಅವಳ ಹತ್ತಿರ ಸರಿಯಾಗಿ ಮಾತಾಡಲಿಲ್ಲ.

ಒಂಬತ್ತನೇ ದಿನ ಎಂಟನೇ ಕ್ಲಾಸು ಕೆಳಗೆ ಬಂತು, ಆರನೇ ಕ್ಲಾಸು ಮೇಲೆ ಹೋಯಿತು. ಒಂದು ಪೈಸೆ ಖರ್ಚಿಲ್ಲ. ಬಾಗಿಲ ಮೇಲಿನ ಎರಡು ಬೋರ್ಡು ಅದಲು ಬದಲು ಮಾಡಿದ್ದು, ಅಷ್ಟೇ!

ಅವನಿಗೆ ಜಾಸ್ತಿ ಹೊತ್ತು ಬರೆದರೆ ಕೈ ಸೆಟೆದುಕೊಳ್ಳುತ್ತದೆ. ಎಸ್ಸೆಸ್ಸೆಲ್ಸಿಗೆ ಬರಹಗಾರರನ್ನು, ಹೆಚ್ಚುವರಿ ಸಮಯವನ್ನು ಕೇಳಬೇಕು. ಅದೂ ಕಾಯ್ದೆಯಲ್ಲೇ ಇದೆ, 17ನೇ ಕಲಂ. ಪರೀಕ್ಷೆ ಹತ್ತಿರ ಬಂದಾಗ ಓಡಾಡಿದರೆ ಆಗದು, ಒಂಬತ್ತನೇ ಕ್ಲಾಸಿನಲ್ಲೇ ಶಾಲೆಗೆ ತಿಳಿಸಿಡಿ.

ಪಾಯಖಾನೆಗೆ ಇನ್ನೂ ಎರಡು ಮೆಟ್ಟಿಲಿದೆ. ತಂಗಿ ಎರಡನೇ ಅರ್ಜಿ ಬರೆದಿದ್ದಾಳೆ. ಈ ಸಲ ನನ್ನನ್ನು ಕೇಳಲೇ ಇಲ್ಲ.